ಎಣ್ಣೆ ಹಚ್ಚಿದ ಇಪ್ಪತ್ತು ಗುಂಡು

"ಇನ್ನೊಂದ್ ಬಿಡಿ," ಎಂದರು ಕುಷ್ಟಣ್ಣ.

ರಾಜೇಂದ್ರ ಟ್ರಿಗರ್ ಒತ್ತಿದ. ಬೆಂಚಿಗೆ ವೈಸ್ ಇಕ್ಕಳ ಹಾಕಿ ಬಿಗಿದಿದ್ದ ಏರ್‌ರೈಫಲ್ ಕದಲಲಿಲ್ಲ. ಹತ್ತು ಮೀಟರ್ ಆಚೆ ಗುರಿಯ ಕಾರ್ಡು ಮಾತ್ರ ಒಮ್ಮೆ ಅಲುಗಿತು.

"ಹತ್ತ್ ಆಯ್ತ್. ಒಣ ಗುಂಡ್ ಸಾಕ್. ಈಗಳ್ ಎಣ್ಣೆದ್ ಹಾಕಿ."

ಕುಂದಾಪುರದ ಹೊಳೆ ಬದಿಯಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಶೆಡ್ಡು ಅದು. ಹಂಚು ಒಣಗಿಸುತ್ತಿದ್ದ ಉದ್ದನೆಯ ಜಾಗದಲ್ಲಿ ಈಗ ಶೂಟಿಂಗ್ ಕ್ಲಬ್ಬು. ಬೆಳಗಿನ ಹನ್ನೊಂದು ಗಂಟೆ. ಒಳಗೆ ಇದ್ದವರು ಐದೇ ಜನ.

ಕೋಚ್ ರಾಜೇಂದ್ರ ಬೆಂಚಿನ ಹತ್ತಿರ. ಪೊಲೀಸ್ ಶಸ್ತ್ರಾಗಾರದಲ್ಲಿ ಇಪ್ಪತ್ತೇಳು ವರ್ಷ ಬಂದೂಕು ರಿಪೇರಿ ಮಾಡಿ ನಿವೃತ್ತರಾಗಿ ಬ್ರಹ್ಮಾವರದಲ್ಲಿ ನೆಲೆಸಿದ್ದ ಕುಷ್ಟಣ್ಣ ಅವನ ಪಕ್ಕದಲ್ಲಿ. ಗೋಡೆಯ ಆ ತುದಿಗೆ ಧನ್ಯಶ್ರೀ, ಈ ತುದಿಗೆ ಚಂದನಾ. ಬಾಗಿಲ ಬಳಿಯ ಸ್ಟೂಲಿನಲ್ಲಿ ಚಂದನಾಳ ತಾಯಿ ವನಜ.

ಹತ್ತು ದಿನಗಳ ಹಿಂದೆ ಇದೇ ಶೆಡ್ಡಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಪಂದ್ಯ ನಡೆದಿತ್ತು. ಗೆಲ್ಲಬೇಕಾಗಿದ್ದ ಚಂದನಾ ಸೋತಿದ್ದಳು. ಅವಳ ಎರಡು ಡಬ್ಬಿಗಳಲ್ಲಿ ಒಂದರ ಗುಂಡುಗಳಿಗೆ ಯಾರೋ ಎಣ್ಣೆ ಹಚ್ಚಿದ್ದರು. ಪಂದ್ಯದ ಬೆಳಿಗ್ಗೆ ಅವಳ ಪೆಟ್ಟಿಗೆ ಕಾಯುತ್ತಾ ಕುಳಿತಿದ್ದವಳು ಧನ್ಯಶ್ರೀ. ಗೆದ್ದವಳೂ ಧನ್ಯಶ್ರೀ. ಚಂದನಾ ಎಲ್ಲರೆದುರಿಗೆ ಗೆಳತಿಯತ್ತ ಬೆರಳು ತೋರಿಸಿ ದೂರು ಬರೆದುಕೊಟ್ಟಿದ್ದಳು. ನಾಳೆ ವಿಚಾರಣಾ ಸಮಿತಿ ಕೂರುತ್ತದೆ. ತಪ್ಪು ಸಾಬೀತಾದರೆ ಧನ್ಯಶ್ರೀಗೆ ಎರಡು ವರ್ಷ ನಿಷೇಧ.

ಕುಷ್ಟಣ್ಣನನ್ನು ಹುಡುಕಿಕೊಂಡು ಬ್ರಹ್ಮಾವರಕ್ಕೆ ಹೋಗಿ, "ಎಣ್ಣೆಯಿಂದ ಗುಂಡ್ ತಪ್ಪತ್ತಾ ಇಲ್ಯಾ, ಅದೊಂದ್ ಪರೀಕ್ಷೆ ಮಾಡಿ ಕೊಡಿ" ಎಂದು ಕೈ ಮುಗಿದವಳು ಧನ್ಯಶ್ರೀಯೇ.

ರಾಜೇಂದ್ರ ಕ್ಲಬ್ಬು ಸೀಲು ಹಾಕಿಟ್ಟಿದ್ದ ಡಬ್ಬಿ ಒಡೆದ. ಎಣ್ಣೆ ಹಚ್ಚಿದ ಗುಂಡುಗಳು ಕಪ್ಪಗೆ ಮಿಂಚುತ್ತಿದ್ದವು. ಮೊದಲನೆಯದನ್ನು ನಳಿಗೆಗೆ ತೂರಿಸುತ್ತಾ ಅವನು ಹೇಳಿದ: "ಮೊದಲ್ನೇ ಎರಡ್ ಲೆಕ್ಕಕ್ಕ್ ಹಿಡೂದ್ ಬೇಡ ಕುಷ್ಟಣ್ಣ. ನಳಿಗೆ ಒಳ್ಗೆ ಎಣ್ಣೆ ಒಂದ್ ಸಮ ಆಯ್ಕ್. ಮತ್ತೆ ಎಲ್ಲ ಸರಿ ಬತ್ತ್."

ಕುಷ್ಟಣ್ಣ ತಲೆ ಎತ್ತಿ ಅವನ ಮುಖ ನೋಡಿದರು. "ಆಯ್ತ್. ಎರಡ್ ಬಿಡುವ," ಎಂದರಷ್ಟೇ.

ಎರಡು ಗುಂಡು ಬೇರೆ ಕಾರ್ಡಿಗೆ ಹೋದವು. ಆಮೇಲೆ ಹತ್ತು.

ಕುಷ್ಟಣ್ಣ ಎರಡೂ ಕಾರ್ಡುಗಳನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಸಲ ನೋಡಿ, ಚಂದನಾಳನ್ನು ಹತ್ತಿರ ಕರೆದರು.

"ಕಾಣ್ ಮಗಾ. ಇದ್ ಒಣ ಗುಂಡಿಂದ್. ಇದ್ ಎಣ್ಣೆದ್. ಎಂತ ವ್ಯತ್ಯಾಸ ಇತ್ತ್?"

ಒಂದೊಂದು ಕಾರ್ಡಿನಲ್ಲೂ ಹತ್ತು ಗುಂಡು ಸೇರಿ ಒಂದೇ ತೂತು. ಬಟಾಣಿ ಕಾಳಿನಷ್ಟು ದೊಡ್ಡದು. ಎಣ್ಣೆಯದು ಕೂದಲೆಳೆಯಷ್ಟು ಕೆಳಗಿತ್ತು. ಅಷ್ಟೇ.

"ಎರಡೂ ಒಂದೇ ನಮೂನಿ ಇತ್ತ್," ಎಂದಳು ಚಂದನಾ. ಅವಳ ದನಿ ಇಳಿದಿತ್ತು. "ಆದ್ರೆ ಕುಷ್ಟಣ್ಣ, ಎಣ್ಣೆ ಹತ್ತಿರೆ ಗುಂಡ್ ಹಾರತ್ತ್. ನಾನ್ ಸಣ್ಣದಿಪ್ಪತಿಗೆ ಕಣ್ಣಾರೆ ಕಂಡದ್ದ್."

ಮರವಂತೆಯ ಕಡಲ ಬದಿಯಲ್ಲಿ ಅವಳ ಅಪ್ಪ ಬಲೂನು ಹೊಡೆಯುವ ಏರ್‌ಗನ್ ಇಟ್ಟುಕೊಂಡಿದ್ದ. ಹಲಗೆಗೆ ಸಾಲಾಗಿ ಬಲೂನು ಕಟ್ಟಿ, ರಸ್ತೆಗೆ ಮುಖ ಮಾಡಿ ಕೂರುತ್ತಿದ್ದ. ಗುಂಡಿಗೆ ಎಣ್ಣೆ ಹಚ್ಚಿದರೆ ಗನ್ನಿಗೆ ಬಲ ಬರುತ್ತದೆ ಎಂದು ಅವನ ನಂಬಿಕೆ. ಚಂದನಾಗೆ ಹನ್ನೊಂದು ವರ್ಷವಿದ್ದಾಗ ಹಾಗೆ ಎಣ್ಣೆ ಹಚ್ಚಿದ ಗುಂಡೊಂದು ಢಂ ಎಂದು ಹೊಗೆಯೊಡನೆ ಹಾರಿ, ಹಲಗೆಯ ಮೊಳೆಗೆ ಬಡಿದು ತಿರುಗಿ ಬಂದು ಅವಳ ಬಲ ಹುಬ್ಬನ್ನು ಸೀಳಿತ್ತು. ಆ ಗುರುತು ಇನ್ನೂ ಇತ್ತು. ಅಪ್ಪ ಹೋಗಿ ಆರು ವರ್ಷ ಕಳೆದರೂ ಎಣ್ಣೆಯ ವಾಸನೆ ಬಂದರೆ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಕುಷ್ಟಣ್ಣ ಕೇಳಿಸಿಕೊಂಡು ತಲೆಯಾಡಿಸಿದರು.

"ಅದ್ ಸ್ಪ್ರಿಂಗ್ ಗನ್ ಮಗಾ. ಒಳ್ಗೆ ಪಿಸ್ಟನ್ ಗಾಳಿ ಒತ್ತುವತಿಗೆ ಗಾಳಿ ಕಾಯತ್ತ್, ಎಣ್ಣೆ ಹೊತ್ಕಂತ್. ಅದ್ಕೇ ಢಂ ಅಂಬುದ್, ಹೊಗೆ ಬಪ್ಪುದ್. ನಿಮ್ಮ ಈ ರೈಫಲ್ಲಿಗೆ ಸಿಲಿಂಡರಿನ ತಣ್ಣಗಿನ ಗಾಳಿ. ಹೊತ್ತುಕೆ ಎಂತ ಇಲ್ಲೆ."

"ವೈಸಿಗೆ ಕಟ್ಟಿ ಹೊಡದ್ರೆ ಎಲ್ಲ ಸಮ. ಕೈಯಲ್ಲಿ ಹಿಡ್ದ್ ಹೊಡೂದ್ ಬೇರೆ," ಎಂದ ರಾಜೇಂದ್ರ.

"ಹೌದ್. ಅದ್ಕೇ ಈಗ ಇವ್ಳ್ ಹೊಡಿಲಿ," ಎಂದರು ಕುಷ್ಟಣ್ಣ. "ಜಾಕೆಟ್ ಹಾಕ್ಕೊ ಮಗಾ. ಅದೇ ಎಣ್ಣೆ ಡಬ್ಬಿಯಿಂದ ಹತ್ತ್ ಗುಂಡ್."

ಚಂದನಾ ಒಂದು ಕ್ಷಣ ಹಿಂಜರಿದಳು. ಆಮೇಲೆ ಜಾಕೆಟ್ ತೊಟ್ಟು ಗೆರೆಯ ಮೇಲೆ ನಿಂತಳು. ಕೈಗೆ ಹತ್ತಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿದಳು. ಮೊದಲ ಗುಂಡಿಗೆ ಬಹಳ ಹೊತ್ತು ಹಿಡಿಯಿತು. ಎರಡನೆಯದಕ್ಕೆ ಅಷ್ಟಿಲ್ಲ. ಐದರ ನಂತರ ಅವಳ ಉಸಿರು ತನ್ನ ಎಂದಿನ ಲಯಕ್ಕೆ ಬಂತು.

ಕಾರ್ಡು ತಂದು ಎಣಿಸಿದರು. ನೂರಕ್ಕೆ ತೊಂಬತ್ತೇಳು.

ಧನ್ಯಶ್ರೀ ಮೊದಲ ಬಾರಿಗೆ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ಕಂಡ್ಯಾ ಚಂದು?" ಎಂದಳು.

ಚಂದನಾ ಅವಳ ಮುಖ ನೋಡಲಾರದೆ ಹೋದಳು. ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಮಣಿಪಾಲಕ್ಕೂ ಮಂಗಳೂರಿಗೂ ಪಂದ್ಯಕ್ಕೆ ಹೋದವರು. ಒಂದು ಬನ್ಸ್ ಮುರಿದು ಇಬ್ಬರು ತಿಂದವರು. ಅಂಥವಳನ್ನು ಕಳ್ಳಿ ಎಂದಿದ್ದಳು. "ಇನ್ನ್ ಮುಂದೆ ನನ್ನ ಮನೆ ಮೆಟ್ಲ್ ಹತ್ತ್‌ಬೇಡ" ಎಂದೂ ಅಂದಿದ್ದಳು.

"ಹಾಂಗಾರೆ ಅವತ್ತ್ ನಾನ್ ಎಂತಕ್ಕ್ ತಪ್ದೆ?" ಎಂದು ಕೇಳಿದಳು, ಯಾರನ್ನೂ ಉದ್ದೇಶಿಸದೆ.

ಕುಷ್ಟಣ್ಣ ಚೀಲದಿಂದ ಪಂದ್ಯದ ಅಂಕಪಟ್ಟಿ ತೆಗೆದು ಮೇಜಿನ ಮೇಲೆ ಹರಡಿದರು.

"ನಲ್ವತ್ತ್ ಗುಂಡ್. ಮೊದಲ ಹತ್ತರಗೆ ತೊಂಬತ್ತೆಂಟ್. ಎರಡ್ನೇದ್ರಗೆ ತೊಂಬತ್ತೇಳ್. ಮತ್ತೆ ಎಂಬತ್ತೆಂಟ್, ಎಂಬತ್ತೆಂಟ್. ನಡುವೆ ಎಂತ ಆಯ್ತ್ ಹೇಳ್."

"ಮೊದಲ ಡಬ್ಬಿಯಗೆ ಇಪ್ಪತ್ತೇ ಉಳ್ದಿತ್ತ್, ಮುಗಿತ್. ಎರಡ್ನೇ ಡಬ್ಬಿ ತೆಗ್ದೆ. ಎಣ್ಣೆ ಕಂಡ್ತ್. ಕೈ ಎತ್ತಿ ಸರ್‌ನ ಕರ್ದೆ."

"ಸರ್ ಎಂತ ಹೇಳ್ರ್?"

ಚಂದನಾ ಉತ್ತರ ಕೊಡುವ ಮೊದಲೇ ರಾಜೇಂದ್ರ ಬಾಯಿ ಹಾಕಿದ. "ಗಡಿಬಿಡಿಯಗೆ ಎಂತದೋ ಹೇಳಿದ್ದೆ. ಈಗ ಅದೆಲ್ಲ ಎಂತಕ್ಕ್?"

"ನಾನ್ ಅವ್ಳತ್ರ ಕೇಂಡದ್ದ್," ಎಂದರು ಕುಷ್ಟಣ್ಣ.

"'ಎಣ್ಣೆ ಹತ್ತಿರೆ ಗುಂಡ್ ಎಲ್ಲಿಗ್ ಹೋತ್ ಅಂದ್ ದೇವ್ರಿಗೂ ಗೊತ್ತಿಲ್ಲೆ' ಅಂದ್ರ್. ಬೇರೆ ಡಬ್ಬಿ ಕೊಡಿ ಅಂದೆ. 'ಈ ಲಾಟಿಂದ್ ಇನ್ನೊಂದ್ ಡಬ್ಬಿ ಕ್ಲಬ್ಬಗೆ ಇಲ್ಲೆ, ಇದ್ರಗೇ ಹೊಡಿ' ಅಂದ್ರ್."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಬೆಂಚಿನತ್ತ ಹೋಯಿತು.

ಬೆಂಚಿನ ಮೇಲೆ ಇವತ್ತಿನ ಒಣ ಗುಂಡಿನ ಡಬ್ಬಿ ಇತ್ತು. ಅರ್ಧ ಗಂಟೆಯ ಹಿಂದೆ ರಾಜೇಂದ್ರನೇ ಕಪಾಟಿನಿಂದ ತೆಗೆದು, ಅದರ ಮುಚ್ಚಳದ ಪಟ್ಟಿ ಕಿತ್ತಿದ್ದ. ಅವಳು ಅದನ್ನು ಎತ್ತಿಕೊಂಡು ಬೆನ್ನಿನ ಚೀಟಿ ಓದಿದಳು. ಆಮೇಲೆ ತನ್ನ ಎಣ್ಣೆ ಡಬ್ಬಿಯ ಚೀಟಿ. ಎರಡರ ಲಾಟ್ ನಂಬರೂ ಒಂದೇ; ಒಂದೇ ಸಲ ತಯಾರಾದ ಗುಂಡುಗಳು.

ಅವಳು ತಾನೇ ಹೋಗಿ ಕಪಾಟಿನ ಬಾಗಿಲು ಎಳೆದಳು. ಅದೇ ಲಾಟಿನ ಡಬ್ಬಿಗಳು ಇನ್ನೂ ಆರು ಇದ್ದವು. ದೂಳು ಕೂತಿತ್ತು.

"ಇದ್ ಎಷ್ಟ್ ದಿನದಿಂದ ಇಲ್ಲಿತ್ತ್ ಸರ್?"

ರಾಜೇಂದ್ರ ಬೆಂಚಿನ ವೈಸ್ ಸಡಿಲಿಸತೊಡಗಿದ.

"ಮೊದಲ್ನೇ ಎರಡ್ ಗುಂಡ್ ಲೆಕ್ಕಕ್ಕ್ ಬೇಡ ಅಂದ್ರಿ," ಎಂದರು ಕುಷ್ಟಣ್ಣ ಮೆಲ್ಲಗೆ. "ಅದ್ ಪುಸ್ತಕ ಓದಿ ಬಪ್ಪ ಮಾತಲ್ಲ ಮಾರಾಯ್ರೆ. ಕೂತ್ಕಂಡ್ ನೂರಾರ್ ಗುಂಡ್ ಹೊಡ್ದ್ ಕಂಡವ್ರಿಗೇ ಗೊತ್ತಿಪ್ಪುದ್. ಎಣ್ಣೆಯಿಂದ ಎಂತ ಆತಿಲ್ಲೆ ಅಂದ್ ನಿಮ್ಗೆ ಗೊತ್ತಿತ್ತ್. ಗೊತ್ತಿದ್ದೂ ಈ ಹೆಣ್ಣಿನ ಹತ್ರ ಸುಳ್ಳ್ ಹೇಳ್ರಿ. ಇವ್ಳ ಗುಂಡ್ ತಪ್ಪಿಸಿದ್ದ್ ಎಣ್ಣೆ ಅಲ್ಲ. ನಿಮ್ಮ ಮಾತ್."

"ಸುಮ್ನೆ ಎಂತೆಂತದೋ..." ಎಂದು ಶುರು ಮಾಡಿದ ರಾಜೇಂದ್ರ, ಚಂದನಾ ತನ್ನನ್ನೇ ನೋಡುತ್ತಿರುವುದನ್ನು ಕಂಡು ತಡವರಿಸಿದ.

ಮರವಂತೆಯಲ್ಲಿ ಅಪ್ಪನ ಬಲೂನು ಹಲಗೆಯ ಮುಂದೆ ಬೈಕು ನಿಲ್ಲಿಸಿ, "ಈ ಹೆಣ್ಣ್ ಮಗುವಿನ ಕೈ ಕಾಣಿ, ಅಲುಗೂದೇ ಇಲ್ಲೆ" ಎಂದವನು ಇವನು. ಅಪ್ಪ ಸತ್ತ ಮೇಲೆ ಉಪ್ಪುಂದದ ಮನೆಗೆ ಬಂದು, "ಇವಳನ್ನ್ ನಂಗ್ ಬಿಡಿ, ನಾನ್ ಕಲಿಸ್ತೆ" ಎಂದವನು. ಅವಳ ಹಳೆಯ ಜಾಕೆಟ್ಟಿಗೆ ತನ್ನ ಕೈಯಾರೆ ಗುಂಡಿ ಹೊಲಿದುಕೊಟ್ಟವನು. ಪಂದ್ಯದ ದಿನ ಅವಳು ಪೂರ್ತಿ ನಂಬಿದ್ದು ಒಬ್ಬರ ಮಾತನ್ನು ಮಾತ್ರ.

"ನೀವ್ ಹೇಳ್ರೆ ಕಣ್ಣ್ ಮುಚ್ಕಂಡ್ ಹೊಳಿಗ್ ಹಾರ್ತಿದ್ದೆ ಸರ್," ಎಂದಳು. ಅಳಲಿಲ್ಲ. "ಎಂತಕ್ಕ್?"

"ನಂಗೆ ಬೇರೆ ದಾರಿ ಇರ್ಲಿಲ್ಲೆ ಚಂದನಾ." ಅವನು ಬೆಂಚಿನ ಅಂಚು ಹಿಡಿದುಕೊಂಡ. "ಸುಳ್ಳ್ ಹೇಳಿದ್ದ್ ಹೌದ್. ಡಬ್ಬಿ ಇದ್ದೂ ಕೊಡ್ದೆ ಇದ್ದದ್ದೂ ಹೌದ್. ಆದ್ರೆ ಎಣ್ಣೆ ಹಚ್ಚಿದ್ದ್ ನಾನಲ್ಲ. ದೇವ್ರಾಣೆ."

"ಮತ್ತೆ ಯಾರ್?"

"ನಾನ್," ಎಂಬ ದನಿ ಬಾಗಿಲಿನಿಂದ ಬಂತು.

ವನಜ ಸ್ಟೂಲಿನಿಂದ ಎದ್ದು ನಿಂತಿದ್ದಳು. ಬೆಳಿಗ್ಗೆ ಉಪ್ಪುಂದದಲ್ಲಿ ಮೀನು ಮಾರಿ, ಬುಟ್ಟಿಯನ್ನು ಪಕ್ಕದ ಮನೆಯಲ್ಲಿಟ್ಟು ಮಗಳ ಜೊತೆ ಬಸ್ಸು ಹತ್ತಿ ಬಂದವಳು.

"ಪಂದ್ಯದ ದಿನ ಬೆಳಿಗ್ಗೆ ನೀ ಮೀಯುಕ್ ಹೋದಾಗ ನಾನೇ ಹಚ್ಚಿದ್ದ್. ಒಂದ್ ಡಬ್ಬಿ ಆಯ್ತ್. ಇನ್ನೊಂದಕ್ಕೆ ಹಚ್ಚುವಷ್ಟ್ರೊಳ್ಗೆ ನೀ ಬಂದೆ."

"ಅಮ್ಮ?"

"ನಿನ್ನಪ್ಪ ಹಚ್ತಿದ್ರಲ್ಲ ಮಗಾ. ಬಲ ಬತ್ತ್ ಅಂತಿದ್ರಲ್ಲ. ನೀ ಗೆಲ್ಕ್ ಅಂದೇ ಹಚ್ಚಿದ್ದ್." ವನಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೀ ಸೋತ್ ಬಂದ್ ಎಣ್ಣೆ ಎಣ್ಣೆ ಅಂದ್ ಮರ್ಕುವಾಗ ನಂಗೆ ಬಾಯಿ ಬರ್ಲಿಲ್ಲೆ. ನನ್ನ ಕೈಯಿಂದಲೇ ನಿನ್ನ ಬಾಳ್ ಹಾಳಾಯ್ತ್ ಅಂದ್ ಹ್ಯಾಂಗ್ ಹೇಳೂದ್?"

"ಹತ್ತ್ ದಿನ," ಎಂದಳು ಚಂದನಾ. "ಹತ್ತ್ ದಿನ ಒಂದೇ ಚಾಪಿ ಮೇಲೆ ಮಲ್ಗಿದ್ಯಲ್ಲ ಅಮ್ಮ. ಧನ್ಯನ ಮೇಲೆ ದೂರ್ ಬರೂದ್ ಕಂಡೂ ಸುಮ್ನಿದ್ಯಲ್ಲ."

ಅವಳು ತಿರುಗಿ ಧನ್ಯಶ್ರೀಯತ್ತ ನಡೆದಳು. ಕಾಲಿಗೆ ಬೀಳುವವಳಂತೆ ಬಗ್ಗಿದಳು.

"ಅವ್ಳ ಕಾಲ್ ಹಿಡಿಬೇಡ!" ವನಜ ಚೀರಿದಳು.

ಎಲ್ಲರೂ ಅವಳತ್ತ ನೋಡಿದರು.

"ಎಣ್ಣೆ ಬಾಟ್ಲಿ ನಮ್ಮನೆದಲ್ಲ. ಹಿಂದಿನ ದಿನ ಬೈಸಾರಿಗೆ, ದೀಪ ಹಚ್ಚುವತಿಗೆ, ಮನೆಗ್ ಬಂದ್ ನನ್ನ ಕೈಗೆ ಕೊಟ್ಟದ್ದ್ ಇವ್ಳೇ. 'ಇದ್ ಹಚ್ಚಿ ಅತ್ತಿ, ಗುಂಡ್ ಸೀದಾ ಹೋತ್. ಚಂದುಗೆ ಹೇಳ್ಬೇಡಿ, ಅವ್ಳಿಗೆ ಎಣ್ಣೆ ಅಂದ್ರೆ ಹೆದ್ರಿಕೆ' ಅಂದ್ಲ್."

ಚಂದನಾ ಬಗ್ಗಿದವಳು ಹಾಗೇ ನಿಂತಳು. ನಂತರ ನಿಧಾನವಾಗಿ ನೆಟ್ಟಗಾದಳು.

ಎಣ್ಣೆ ಅಂದರೆ ಹೆದರಿಕೆ. ಆ ಸಂಗತಿಯನ್ನು ಅವಳು ಇವತ್ತಿನವರೆಗೆ ಒಬ್ಬಳಿಗೆ ಮಾತ್ರ ಹೇಳಿದ್ದಳು. ಮಂಗಳೂರಿನಿಂದ ಬರುವ ಬಸ್ಸಿನಲ್ಲಿ, ಹುಬ್ಬಿನ ಗುರುತು ಏನೆಂದು ಧನ್ಯಶ್ರೀ ಕೇಳಿದಾಗ.

"ಇಲ್ಲೆ ಅಂದ್ ಹೇಳ್ ಧನ್ಯ," ಎಂದಳು. ಬೇಡಿಕೊಂಡಂತಿತ್ತು.

ಧನ್ಯಶ್ರೀ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

"ಎಣ್ಣೆಯಿಂದ ಎಂತ ಆತಿಲ್ಲೆ ಅಂದ್ ಗೊತ್ತಿದ್ದೇ ಕೊಟ್ಟದ್ದ್," ಎಂದಳು, ನೆಲ ನೋಡುತ್ತಾ. "ಹೋದ ವರ್ಷ ಸರ್ ಎಣ್ಣೆ ಗುಂಡ್ ಪರೀಕ್ಷೆ ಮಾಡುವಾಗ ನಾನೇ ಕಾರ್ಡ್ ಬದ್ಲಿಸ್ತಿದ್ದೆ. ಡಬ್ಬಿ ತೆಗುವತಿಗೆ ನೀ ಒಂಚೂರ್ ಗಾಬರಿ ಬೀಳ್ತಿ, ಎರಡ್ ಮೂರ್ ಗುಂಡ್ ತಪ್ಪತ್ತ್ ಅಂದ್ ಎಣಿಸಿದ್ದೆ. ಅಷ್ಟೇ ಸಾಕಿತ್ತ್ ನಂಗೆ. ನಾಲ್ಕ್ ವರ್ಷದಗೆ ಒಂದ್ ಸಲವೂ ನಿನ್ನ ಮುಂದೆ ಗೆಲ್ಲುಕ್ ಆಯ್ಲಿಲ್ಲೆ ಚಂದು."

ಕುಷ್ಟಣ್ಣ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಈ ಹುಡುಗಿ ತನ್ನನ್ನು ಏಕೆ ಕರೆಸಿದಳೆಂದು ಅವರಿಗೆ ಈಗ ಅರ್ಥವಾಯಿತು. ಎಣ್ಣೆಯಿಂದ ಕೇಡಿಲ್ಲ ಎಂದು ಸಾಬೀತಾದರೆ ಎಣ್ಣೆ ಕೊಟ್ಟವರ ತಪ್ಪೂ ಇಲ್ಲ. ಅದನ್ನು ಸಾಬೀತು ಮಾಡಿಕೊಡಲು ಅವಳು ಬ್ರಹ್ಮಾವರದ ಅತ್ಯಂತ ಪ್ರಾಮಾಣಿಕ ಮನುಷ್ಯನನ್ನು ಹುಡುಕಿಕೊಂಡು ಬಂದಿದ್ದಳು.

"ನನ್ನನ್ನೂ ಚಂದ ಮಾಡಿ ಕುಣಿಸ್ದೆ ಹೆಣ್ಣೆ," ಎಂದರು.

"ಆದ್ರೆ ಸರ್ ಹೇಳ್ದ ಸುಳ್ಳ್ ನಂದಲ್ಲ ಕುಷ್ಟಣ್ಣ!" ಧನ್ಯಶ್ರೀ ತಲೆ ಎತ್ತಿದಳು. "ಅದ್ ನಂಗ್ ಗೊತ್ತೇ ಇಲ್ಲೆ. ಇಪ್ಪತ್ತ್ ಗುಂಡೂ ತಪ್ಪುದ್ ನಂಗ್ ಬೇಡಿತ್ತ್."

"ನಿಂಗ್ ಗೊತ್ತಿಲ್ಯಾ?" ರಾಜೇಂದ್ರ ಬೆಂಚಿಗೆ ಗುದ್ದಿದ. ಇಷ್ಟು ಹೊತ್ತು ತಡೆದುಕೊಂಡದ್ದು ಒಮ್ಮೆಲೇ ಹೊರಗೆ ಬಂತು. "ಪಂದ್ಯದ ದಿನ ಎಂಟೂವರೆಗೆ ನಂಗೆ ಫೋನ್ ಬಂತ್. ನಿನ್ನಪ್ಪಂದ್. 'ಚಂದನಾ ಇವತ್ತ್ ನಿನ್ನ ಹತ್ರ ಎಂತಾರೂ ಕೇಂಡ್ರೆ ಧೈರ್ಯ ಕೊಡೂಕಿಲ್ಲೆ. ನನ್ನ ಮಗ್ಳ್ ಗೆಲ್ಲದಿದ್ರೆ ನಾಳೆ ಬೆಳಿಗ್ಗೆ ಶೆಡ್ ಖಾಲಿ ಮಾಡ್' ಅಂದ್ರ್. ಈ ಕ್ಲಬ್ಬಿಗೆ ಹದಿನಾರ್ ಮಕ್ಳ್ ಬತ್ರ್. ಅವ್ರನ್ನ್ ಕಟ್ಕಂಡ್ ನಾನ್ ಎಲ್ಲಿಗ್ ಹೋಪುದ್?"

ಈ ಶೆಡ್ಡು, ಹಳೆಯ ಕಾರ್ಖಾನೆ, ಪೇಟೆಯ ಹಾರ್ಡ್‌ವೇರ್ ಅಂಗಡಿ ಎಲ್ಲವೂ ಧನ್ಯಶ್ರೀಯ ತಂದೆ ಪದ್ದು ಸಾಹುಕಾರರದು; ಅಂಗಡಿಗೆ ಅವಳ ಅಣ್ಣನೂ ಹೋಗುತ್ತಿದ್ದ. ಕುಂದಾಪುರದಲ್ಲಿ ಅದು ಎಲ್ಲರಿಗೂ ಗೊತ್ತಿತ್ತು.

ಧನ್ಯಶ್ರೀ ರಾಜೇಂದ್ರನತ್ತ ತಿರುಗಿದಳು.

"ಅಪ್ಪಯ್ಯ ಫೋನ್ ಮಾಡಿರಾ? ಮಾತಾಡಿರಾ?"

"ಮತ್ತೆ? ಅಂಗಡಿ ನಂಬ್ರ. ಅದೇ ದನಿ, ಅದೇ ಕೆಮ್ಮು."

"ಅಪ್ಪಯ್ಯಂಗೆ ಗಂಟ್ಲ್ ಆಪರೇಶನ್ ಆಯಿ ಒಂದೂವರೆ ತಿಂಗ್ಳ್ ಆಯ್ತ್ ಸರ್," ಎಂದಳು ಧನ್ಯಶ್ರೀ. "ಮನಿ ಬಿಟ್ಟ್ ಹೊರ್ಗೆ ಯಾರಿಗೂ ಹೇಳ್ಲಿಲ್ಲೆ ನಾವ್. ಅವ್ರಿಗೆ ದನಿಯೇ ಇಲ್ಲೆ. ಎಂತ ಬೇಕಾರೂ ಸ್ಲೇಟಗೆ ಬರ್ದ್ ತೋರಿಸೂದ್."

ಹೊಳೆಯಲ್ಲಿ ದೋಣಿಯೊಂದರ ಎಂಜಿನ್ ಟಪಟಪ ಎಂದು ಸಾಗಿಹೋಯಿತು.

ಕುಷ್ಟಣ್ಣ ಕೈ ಚಾಚಿದರು. "ನಿಮ್ಮ ಮೊಬೈಲ್ ಕೊಡಿ ಮಾಸ್ಟ್ರೆ. ಆ ನಂಬ್ರಕ್ಕೇ ಹಚ್ಚುವ. ಸ್ಪೀಕರ್ ಹಾಕಿ. ಯಾರೂ ಮಾತಾಡೂಕಿಲ್ಲೆ."

ಅತ್ತ ಕಡೆ ನಾಲ್ಕು ಸಲ ರಿಂಗಾಯಿತು. ಯಾರೋ ರಿಸೀವರ್ ಎತ್ತಿದರು. ಮೊದಲು ಕೆಮ್ಮು. ಆಮೇಲೆ ಗಡಸು ದನಿ. "ಹಲೋ. ಯಾರ್ ಮಾತಾಡೂದ್?"

ರಾಜೇಂದ್ರನ ತುಟಿ ಮಾತ್ರ ಅಲುಗಿತು. "ಇದೇ. ಇದೇ ದನಿ."

"ಹಲೋ? ಹ್ವಾಯ್, ಎಂತ ಬೇಕ್ ನಿಮ್ಗೆ?"

ಧನ್ಯಶ್ರೀ ಒಂದೇ ನೆಗೆತಕ್ಕೆ ಬಂದು ಮೊಬೈಲು ಕಸಿದು ಕರೆ ಕತ್ತರಿಸಿದಳು. ಅದನ್ನು ಎದೆಗೆ ಒತ್ತಿಕೊಂಡು ನಿಂತಳು.

"ಅದ್ ಯಾರ್ ಅಂದ್ ನಿಂಗ್ ಗೊತ್ತಾಯ್ತ್," ಎಂದಳು ಚಂದನಾ. "ಹೇಳ್ ಧನ್ಯ. ಅಷ್ಟಾರೂ ನಿಜ ಹೇಳ್."

ಧನ್ಯಶ್ರೀ ಅವಳನ್ನು ನೋಡದೆ ಕುಷ್ಟಣ್ಣನ ಕಡೆ ತಿರುಗಿದಳು.

"ನಿಮ್ಮ ಪರೀಕ್ಷೆ ಕಾಗ್ದ ನಂಗ್ ಬೇಡ ಕುಷ್ಟಣ್ಣ. ಹರ್ದ್ ಹಾಕಿ. ಎಲ್ಲ ನಾನೇ ಮಾಡ್ದೆ, ಸರ್ ಹತ್ರ ಸುಳ್ಳೂ ನಾನೇ ಹೇಳಿಸ್ದೆ ಅಂದ್ ನಾಳೆ ಸಮಿತಿ ಎದ್ರ್ ಒಪ್ಕಂತೆ. ಎರಡ್ ವರ್ಷ ಅಲ್ಲ, ಜನ್ಮ ಪೂರ್ತಿ ರೈಫಲ್ ಮುಟ್ಬೇಡ ಅಂದ್ರೂ ಅಡ್ಡಿಲ್ಲೆ." ಅವಳು ಮೊಬೈಲನ್ನು ಬೆಂಚಿನ ಮೇಲೆ ಮಗುಚಿ ಇಟ್ಟಳು. "ಎಣ್ಣೆ ಸಂಗತಿ ನಾನ್ ಅಣ್ಣ ಒಬ್ಬಂಗೇ ಹೇಳಿದ್ದೆ, ಅಪ್ಪಯ್ಯನ ದನಿ ತೆಗೂಕ್ ಅವ್ನಿಗೇ ಬಪ್ಪುದ್. ಈ ಫೋನಿನ ಸುದ್ದಿ ಮಾತ್ರ ಎತ್ತ್‌ಬೇಡಿ."